ಹಳೆ ಡೀಸೆಲ್ ಟಾಟಾ ಇಂಡಿಗೊ ಮರೀನಾ ಕಾರು ತಗೊಂಡರೆ ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತದೆ?

ಪ್ರಶ್ನೆ (ಶಿರಸಿ ಕಡೆಯ ಅಡಿಕೆ ಬೆಳೆಗಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯಿಂದ 12 ಕಿಲೋಮೀಟರ್ ಒಳಗೆ. ಅಪ್ಪನಿಗೆ ಈಗ ನಡೆಯಲಿಕ್ಕೆ ಆಗುವುದಿಲ್ಲ. ತಿಂಗಳಿಗೊಮ್ಮೆ ಹುಬ್ಬಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮಗಳು ಕಾರವಾರದಲ್ಲಿ ಓದುತ್ತಾಳೆ, ಅಲ್ಲಿಗೂ ಹೋಗಿ ಬರುವುದು ಇದೆ. ಸಣ್ಣ ಕಾರಿನ ಡಿಕ್ಕಿಯಲ್ಲಿ ವೀಲ್‌ಚೇರ್ ಹಿಡಿಯುವುದಿಲ್ಲ. ಹೊಸ ದೊಡ್ಡ ಗಾಡಿಗೆ ನಮ್ಮ ಹತ್ತಿರ ದುಡ್ಡಿಲ್ಲ.

ಅಂಕೋಲಾದಲ್ಲಿ ಒಬ್ಬರ ಹತ್ತಿರ ಟಾಟಾ ಇಂಡಿಗೊ ಮರೀನಾ ಇದೆ. ಹಿಂದೆ ಉದ್ದ ಡಿಕ್ಕಿ ಇರುವ ಎಸ್ಟೇಟ್ ಗಾಡಿ. ಡೀಸೆಲ್ ಟರ್ಬೊ, 2007ರ ಅಕ್ಟೋಬರ್ ರಿಜಿಸ್ಟ್ರೇಶನ್, ಕೆಎ-30 ನಂಬರ್. ಮೀಟರಿನಲ್ಲಿ 1,38,000 ಇದೆ. 85 ಸಾವಿರ ಹೇಳುತ್ತಿದ್ದಾರೆ. ವರ್ಷಕ್ಕೆ 9 ಸಾವಿರ ಕಿಲೋಮೀಟರ್ ಓಡಿಸಬಹುದು. ಇಷ್ಟು ಹಳೆ ಗಾಡಿ ಸಾಕಲಿಕ್ಕೆ ಆಗುತ್ತದಾ? ಗ್ರೂಪಿನಲ್ಲಿರುವ ಮೆಕ್ಯಾನಿಕ್ ಅಣ್ಣ ಸ್ವಲ್ಪ ಹೇಳಬೇಕು.

ಉತ್ತರ (ಕುಮಟಾದ ಮೆಕ್ಯಾನಿಕ್)

ಅಣ್ಣಾ, ಗಾಡಿಯ ರೇಟು ಆಮೇಲೆ ನೋಡೋಣ. ಮೊದಲು ಅದರ ಅಡಿ ನೋಡಬೇಕು. ನಮ್ಮ ಕರಾವಳಿ ಗಾಡಿಗಳಲ್ಲಿ ಎಂಜಿನ್ ಎಷ್ಟೇ ಕೆಟ್ಟರೂ ಕೂತು ಸರಿ ಮಾಡಬಹುದು. ತಗಡು ತುಕ್ಕು ಹಿಡಿದು ತಿಂದು ಹೋಗಿದ್ದರೆ ನಾನೂ ಏನೂ ಮಾಡಲಾರೆ. ಒಂದು ಕಡೆ ವೆಲ್ಡಿಂಗ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಪಕ್ಕದಲ್ಲೇ ಬಿಡುತ್ತದೆ.

ಎಸ್ಟೇಟ್ ಗಾಡಿಗೆ ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ಡಿಕ್ಕಿ ದೊಡ್ಡದಿದೆ ಅಂತ ಮೀನಿನ ಬಾಕ್ಸ್ ಸಾಗಿಸುತ್ತಾರೆ. ಐಸ್ ಕರಗಿದ ಉಪ್ಪು ನೀರು ಮ್ಯಾಟಿನ ಕೆಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಹೋದ ವರ್ಷ ಒಂದು ಗಾಡಿ ಬಂದಿತ್ತು. ಹೊರಗೆ ಹೊಸ ಪೇಂಟ್, ಒಳಗೆ ಹೊಸ ಸೀಟ್ ಕವರ್. ಡಿಕ್ಕಿ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ. ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಎಳೆದು ತೆಗೆದರೆ ತೂತಿನಿಂದ ಕೆಳಗಿನ ನೆಲ ಕಾಣುತ್ತಿತ್ತು. ತಗೊಂಡವರು ಪಾಪ, ಅಡ್ವಾನ್ಸ್ ಕೊಟ್ಟು ಆಗಿತ್ತು.

ಅದಕ್ಕೇ ನೀವು ಹೋದಾಗ ಮ್ಯಾಟ್ ಎತ್ತಿಸಿ. ಮೂಸಿ ನೋಡಿ, ಮೀನಿನ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ನಾಲ್ಕೂ ಬಾಗಿಲು ತೆಗೆದು ಕೆಳಗಿನ ಅಂಚಿನಲ್ಲಿ ಬೆರಳು ಆಡಿಸಿ. ಜಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬ್ರೇಕ್ ಪೈಪ್, ಇಷ್ಟನ್ನು ಗಾಡಿ ಎತ್ತಿಯೇ ನೋಡಬೇಕು. ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಖುಷಿ ಪಡಬೇಡಿ. ಮಾರುವ ಮುಂಚೆ ಬಳಿಯುವುದು ಹೆಚ್ಚಾಗಿ ತುಕ್ಕು ಮುಚ್ಚಲಿಕ್ಕೆ. ಅಲ್ಲಲ್ಲಿ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದು ಹೋದದ್ದು ಬದ್ ಅನ್ನುತ್ತದೆ.

ಇನ್ನು ಎಂಜಿನ್. ಅದು 1405 ಸಿಸಿ, ಇಂಡಿಕಾದಲ್ಲಿ ಇದ್ದ ಹಳೆ ತರಹದ್ದೇ. ಆಮೇಲೆ ಬಂದ ಟಾಟಾದ ಡೈಕೋರ್ ಎಂಜಿನ್ನಿನ ಹಾಗೆ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ತರಹದ್ದು) ಅಲ್ಲ. ಸದ್ದು ಜಾಸ್ತಿ, ಆದರೆ ಕೆಲಸ ಸುಲಭ. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಹೇಳಿದರೆ ಸಾಮಾನು ಸಂಜೆ ಬಸ್ಸಿಗೆ ಬರುತ್ತದೆ. ಮರೀನಾಕ್ಕೇ ಅಂತ ಇರುವ ಸಾಮಾನು ಮಾತ್ರ ಕಷ್ಟ. ಹಿಂದಿನ ಲೈಟು, ಹಿಂದಿನ ಗಾಜು, ಡಿಕ್ಕಿ ಬಾಗಿಲು ಒಡೆದರೆ ಗುಜರಿಯಲ್ಲಿ ಹುಡುಕಬೇಕು. ಅವು ಸರಿ ಇದೆಯಾ ನೋಡಿಕೊಳ್ಳಿ.

ಗಾಡಿ ನೋಡಲಿಕ್ಕೆ ಬೆಳಿಗ್ಗೆ ಹೋಗಿ. ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ. ತಣ್ಣಗಿದ್ದರೆ ಕೀ ತಿರುಗಿಸಿ, ಡ್ಯಾಶ್‌ಬೋರ್ಡಿನ ಹೀಟರ್ ಲೈಟ್ ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಹಿಡಿಯಬೇಕು. ಶುರುವಿಗೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಹೆದರಬೇಡಿ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಬೋರಲಾಗಿ ಅದೇ ಬಾಯಿಯ ಮೇಲೆ ಸುಮ್ನೆ ಇಡಿ. ಸ್ವಲ್ಪ ಅಲ್ಲಾಡುವುದು ಸಹಜ. ಮುಚ್ಚಳ ಕುಣಿದು ಬಿದ್ದು ಹೋಗಿ, ಬಾಯಿಯಿಂದ ಬುಸ್ ಬುಸ್ ಅಂತ ಹೊಗೆ ಬಂದರೆ ಒಳಗೆ ಪಿಸ್ಟನ್ ರಿಂಗ್ ಸವೆದಿದೆ. ಆ ಕೆಲಸ ಗಾಡಿಯ ಅರ್ಧ ರೇಟಿಗೆ ಹೋಗುತ್ತದೆ. ವಾಪಸ್ ಬಂದುಬಿಡಿ.

ಖರ್ಚಿನ ಲೆಕ್ಕಕ್ಕೆ ಬರುತ್ತೇನೆ. ಘಟ್ಟ ಹತ್ತಿ ಇಳಿಯುವ ಗಾಡಿ, ಲೀಟರಿಗೆ 15 ಹಿಡಿಯಿರಿ. ಹೈವೇಯಲ್ಲಿ ಜಾಸ್ತಿ ಕೊಡಬಹುದು, ದೇವಿಮನೆ ಘಟ್ಟ ಹತ್ತುವಾಗ ಕಡಿಮೆ ಆಗುತ್ತದೆ. 9 ಸಾವಿರ ಕಿಲೋಮೀಟರಿಗೆ 600 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಅಂದರೂ 54 ಸಾವಿರ ಆಯಿತು. ಥರ್ಡ್ ಪಾರ್ಟಿ ಇನ್ಶೂರೆನ್ಸ್ 1000 ಸಿಸಿಯಿಂದ 1500 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಜಿಎಸ್‌ಟಿ ಸೇರಿದರೆ 4 ಸಾವಿರದ ಮೇಲೆ ಸ್ವಲ್ಪ. ಹೊಗೆ ಸರ್ಟಿಫಿಕೇಟ್ ಇಷ್ಟು ಹಳೆ ಗಾಡಿಗೆ ಆರು ತಿಂಗಳಿಗೊಮ್ಮೆ ಬೇಕು, ಅದು ಸಣ್ಣ ಖರ್ಚು. ಸರ್ವಿಸಿಗೆ ಆಯಿಲ್, ಮೂರೂ ಫಿಲ್ಟರ್, ಕೂಲಿ ಎಲ್ಲಾ ಸೇರಿ 6 ಸಾವಿರ ಇಡಿ. ಟೈರು, ಬ್ಯಾಟರಿ ಪ್ರತಿ ವರ್ಷ ಹಾಕುವುದಿಲ್ಲ, ಆದರೂ ವರ್ಷಕ್ಕೆ ಇಷ್ಟು ಅಂತ ಹಂಚಿದರೆ 5-6 ಸಾವಿರ. ಇದರ ಮೇಲೆ ರಿಪೇರಿಗೆ ಅಂತ 18 ಸಾವಿರ ಬೇರೆ ತೆಗೆದಿಡಲೇಬೇಕು. ಬುಷ್ಷು, ಶಾಕ್ ಅಬ್ಸಾರ್ಬರ್, ರೇಡಿಯೇಟರ್ ಪೈಪು, ಡೈನಮೋ, ಯಾವುದಾದರೂ ಒಂದು ಬಂದೇ ಬರುತ್ತದೆ. ಒಟ್ಟು 88 ಸಾವಿರದ ಹತ್ತಿರ. ಕಿಲೋಮೀಟರಿಗೆ ಹತ್ತು ರೂಪಾಯಿ ಅಂತ ಇಟ್ಟುಕೊಳ್ಳಿ.

ಅಂದರೆ ಒಂದೇ ವರ್ಷದಲ್ಲಿ ಗಾಡಿ ಕೊಂಡ ದುಡ್ಡಿನಷ್ಟೇ ಮತ್ತೆ ಕೈಯಿಂದ ಹೋಗುತ್ತದೆ. ಅದನ್ನು ಕೊಡುವ ತಾಕತ್ತಿದ್ದರೆ ಮಾತ್ರ ಮುಂದುವರಿಯಿರಿ. ಮೊದಲ ವರ್ಷ ಇನ್ನೂ ಜಾಸ್ತಿ. ಟೈಮಿಂಗ್ ಬೆಲ್ಟ್, ಕೂಲಂಟ್, ಬ್ರೇಕ್ ಆಯಿಲ್, ಬ್ರೇಕ್ ಲೈನರ್ ಎಲ್ಲಾ ಒಮ್ಮೆ ಹೊಸದು ಮಾಡಿಸಲಿಕ್ಕೆ 25 ಸಾವಿರ ಬೇರೆ ಬೇಕು.

ಆರ್‌ಸಿ ನೋಡಿ. 15 ವರ್ಷ ಆದಾಗ ಐದು ವರ್ಷಕ್ಕೆ ರಿನ್ಯೂ ಮಾಡಿಸಿದ್ದರೆ 2027ರ ಅಕ್ಟೋಬರ್‌ವರೆಗೆ ಇರುತ್ತದೆ. 2022ರ ಏಪ್ರಿಲ್‌ನಿಂದ ಕಾರಿನ ರಿನ್ಯೂವಲ್ ಫೀ 5 ಸಾವಿರ ಆಗಿತ್ತು. 2025ರಲ್ಲಿ ಮತ್ತೆ ಬದಲಾಗಿ, 20 ವರ್ಷ ದಾಟಿದ ಕಾರಿಗೆ 10 ಸಾವಿರ ಮಾಡಿದ್ದಾರೆ. ಮುಂದಿನ ಸಲ ನಿಮಗೆ ಅದೇ ಬೀಳುತ್ತದೆ. ಇದನ್ನು ಹೇಳಿ ಈಗಲೇ ರೇಟು ಇಳಿಸಿ. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ದಂಡ ಬೇರೆ.

ಪ್ರಶ್ನೆ (ಹೊನ್ನಾವರದ ಶಿಕ್ಷಕಿ)

ಹತ್ತು ವರ್ಷ ಆದ ಡೀಸೆಲ್ ಗಾಡಿ ಓಡಿಸುವ ಹಾಗಿಲ್ಲ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಹಾಗಿದ್ದರೆ 2007ರ ಗಾಡಿ ಹೇಗೆ ಓಡುತ್ತದೆ?

ಉತ್ತರ (ಮೆಕ್ಯಾನಿಕ್)

ಅಕ್ಕಾ, ಆ ನಿಯಮ ದೆಹಲಿ ಮತ್ತು ಅದರ ಸುತ್ತಲಿನ ಜಿಲ್ಲೆಗಳದ್ದು. ನಮ್ಮಲ್ಲಿ ಇಲ್ಲ. ಇಲ್ಲಿ ರಿನ್ಯೂ ಆಗಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದ್ದರೆ ಓಡಿಸಬಹುದು. ಅಲ್ಲಿನ ಗಾಡಿಗಳು ಇಲ್ಲಿಗೆ ಕಡಿಮೆ ರೇಟಿಗೆ ಬರುವುದೂ ಅದೇ ಕಾರಣಕ್ಕೆ.

ಪ್ರಶ್ನೆ (ಕಾರವಾರದ ಓದುಗ)

ಅಣ್ಣ, ನನಗೆ ಗೋವಾ ನಂಬರಿನ ಸ್ಕೋಡಾ ಆಕ್ಟೇವಿಯಾ ಕಾಂಬಿ ಸಿಗುತ್ತಿದೆ. 1.9 ಲೀಟರ್ ಡೀಸೆಲ್, ಅದೂ ಎಸ್ಟೇಟ್ ಗಾಡಿಯೇ. ಮರೀನಾಗಿಂತ ಇದು ಒಳ್ಳೆಯದಲ್ವಾ? ಗೋವಾ ನಂಬರಿನಲ್ಲೇ ಇಟ್ಟುಕೊಂಡರೆ ಆಗುವುದಿಲ್ವಾ?

ಉತ್ತರ (ಮೆಕ್ಯಾನಿಕ್)

ಗಾಡಿ ಒಳ್ಳೆಯದೇ. ಬಾಗಿಲು ಹಾಕಿದ ಸದ್ದಿನಲ್ಲೇ ಗೊತ್ತಾಗುತ್ತದೆ. ಎಂಜಿನ್ ಕೂಡ ಗಟ್ಟಿ. ಆದರೆ ಕಾರವಾರದಲ್ಲಿ ಅದರ ಸಾಮಾನು ಎಲ್ಲಿ ಸಿಗುತ್ತದೆ? ಒಂದು ಸೆನ್ಸರ್ ಹೋದರೆ ಹುಬ್ಬಳ್ಳಿಯಲ್ಲೂ ಆರ್ಡರ್ ಹಾಕಿ ಕಾಯಬೇಕು. ಇನ್ಶೂರೆನ್ಸೂ ಜಾಸ್ತಿ. 1500 ಸಿಸಿ ದಾಟಿದ ಕಾರಿಗೆ ಥರ್ಡ್ ಪಾರ್ಟಿಯೇ 7,897 ರೂಪಾಯಿ, ಜಿಎಸ್‌ಟಿ ಬೇರೆ.

ಗೋವಾ ನಂಬರ್ ಶಾಶ್ವತವಾಗಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇದ್ದರೆ ಇಲ್ಲಿನ ನಂಬರ್ ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಅದಕ್ಕೆ ಗೋವಾ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಅದು ಫಾರ್ಮ್ 28. ಹೆಸರು ಬದಲಾಯಿಸಲಿಕ್ಕೆ ಫಾರ್ಮ್ 29 ಮತ್ತು 30. ಬ್ಯಾಂಕ್ ಸಾಲ ಇದ್ದ ಗಾಡಿಯಾದರೆ ಫಾರ್ಮ್ 35. ಆಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್ ಗಾಡಿಯ ವಯಸ್ಸು ನೋಡಿ ಕಟ್ಟಿಸುತ್ತಾರೆ. ಆರ್‌ಟಿಒಗೆ ಹೋಗಿ ಟ್ಯಾಕ್ಸ್ ಎಷ್ಟು ಅಂತ ಕೇಳಿ, ಅದನ್ನು ಗಾಡಿಯ ರೇಟಿಗೆ ಕೂಡಿಸಿ. ಗೋವಾ ಗಾಡಿ ಅಗ್ಗ ಅನಿಸುವುದು ಆ ಲೆಕ್ಕ ಹಾಕುವ ಮುಂಚೆ ಮಾತ್ರ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಪ್ರಶ್ನೆ (ಶಿರಸಿ ಕಡೆಯ ಬೆಳೆಗಾರ)

ಮಳೆಗಾಲದಲ್ಲಿ ನಮ್ಮ ಗಾಡಿ ವಾರಗಟ್ಟಲೆ ಅಂಗಳದಲ್ಲೇ ನಿಂತಿರುತ್ತದೆ. ಡೀಸೆಲ್ ಗಾಡಿಗೆ ಅದರಿಂದ ತೊಂದರೆ ಇದೆಯಾ? ಘಟ್ಟದಲ್ಲಿ ಓಡಿಸುವಾಗ ಏನು ಜಾಗ್ರತೆ?

ಉತ್ತರ (ಮೆಕ್ಯಾನಿಕ್)

ಡೀಸೆಲ್ ಗಾಡಿಗೆ ನೀರು ದೊಡ್ಡ ಶತ್ರು. ಟ್ಯಾಂಕ್ ಅರ್ಧ ಖಾಲಿ ಇಟ್ಟು ಮಳೆಗಾಲದಲ್ಲಿ ನಿಲ್ಲಿಸಿದರೆ ಒಳಗೆ ತೇವ ಕೂತು ನೀರಾಗುತ್ತದೆ. ಆದಷ್ಟು ತುಂಬಿಸಿಯೇ ನಿಲ್ಲಿಸಿ. ಡೀಸೆಲ್ ಫಿಲ್ಟರಿನ ಅಡಿಗೆ ನೀರು ಬಿಡುವ ಸ್ಕ್ರೂ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಸಡಿಲ ಮಾಡಿ ಒಂದು ಗಾಜಿನ ಲೋಟಕ್ಕೆ ಬಿಡಿ. ನೀರು ಅಡಿಗೆ ನಿಂತು ಡೀಸೆಲ್ ಮೇಲೆ ತೇಲುತ್ತದೆ, ಕಣ್ಣಿಗೇ ಕಾಣುತ್ತದೆ. ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟವರೇ ಪಂಪು, ನಾಝಲ್ ಕೆಲಸಕ್ಕೆ ಸಾವಿರಾರು ರೂಪಾಯಿ ಹಾಕುವುದು. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ಅಡಿಕೆ ಮನೆ ಪಕ್ಕ ನಿಲ್ಲಿಸುವುದಾದರೆ ಬಾನೆಟ್ ಎತ್ತಿ ವೈರು ನೋಡುತ್ತಿರಿ, ಇಲಿ ಕಡಿಯುತ್ತದೆ.

ಕುಮಟಾಕ್ಕೆ ಇಳಿಯುವಾಗ ದೇವಿಮನೆಯಲ್ಲಿ ಬ್ರೇಕ್ ಒತ್ತಿಕೊಂಡೇ ಬರಬೇಡಿ. ಎರಡನೇ ಗೇರಿನಲ್ಲೋ ಮೂರನೇ ಗೇರಿನಲ್ಲೋ ಎಂಜಿನ್ ಹಿಡಿತದಲ್ಲೇ ಇಳಿಸಿ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ, ತಣ್ಣಗಾಗಲಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ನಮ್ಮ ಹವೆಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಹತ್ತಿದ ಮೇಲೆ ಚಹಾಕ್ಕೆ ನಿಲ್ಲಿಸಿದರೆ ಕೂಡಲೇ ಆಫ್ ಮಾಡಬೇಡಿ. ಒಂದು ನಿಮಿಷ ಸ್ಲೋನಲ್ಲಿ ಬಿಡಿ, ಟರ್ಬೊ ತಣ್ಣಗಾಗುತ್ತದೆ.

ಬೆಳೆಗಾರ, ನಾಲ್ಕು ದಿನ ಬಿಟ್ಟು

ಅಣ್ಣಾ, ನಿನ್ನೆ ಬೆಳಿಗ್ಗೆ ಹೋಗಿ ನೋಡಿದೆ. ಬಾನೆಟ್ ತಣ್ಣಗಿತ್ತು. ಒಂದೇ ಸೆಲ್ಫಿಗೆ ಹಿಡಿಯಿತು. ಮುಚ್ಚಳ ಸ್ವಲ್ಪ ನಡುಗಿತು, ಬೀಳಲಿಲ್ಲ. ಮೀನಿನ ವಾಸನೆ ಇಲ್ಲ. ಡಿಕ್ಕಿಯ ಎಡ ಮೂಲೆಯಲ್ಲಿ ಅಂಗೈ ಅಗಲ ತುಕ್ಕು ಇದೆ, ಸ್ಕ್ರೂಡ್ರೈವರ್ ಒಳಗೆ ಹೋಗಲಿಲ್ಲ. ಸ್ಪ್ರಿಂಗ್ ಜಾಗ, ಜಾಕ್ ಜಾಗ ಗಟ್ಟಿ ಇವೆ. ಆರ್‌ಸಿ 2027ರವರೆಗೆ ಇದೆ. ವೀಲ್‌ಚೇರ್ ತೆಗೆದುಕೊಂಡು ಹೋಗಿ ಇಟ್ಟೇ ನೋಡಿದೆ, ಸೀಟು ಮಡಚದೆ ಹಿಡಿಯಿತು. ಟೈಮಿಂಗ್ ಬೆಲ್ಟ್ ಕೇಳಿದ್ದಕ್ಕೆ ಹಾಕಿಸಿದ ನೆನಪಿದೆ ಅಂದರು, ಬಿಲ್ ಇಲ್ಲ.

ಉತ್ತರ (ಮೆಕ್ಯಾನಿಕ್)

ತಗೊಳ್ಳಿ ಅಣ್ಣಾ. ತುಕ್ಕು ಇನ್ನೂ ಮೇಲ್ಗಡೆಯೇ ಇದೆ. ಕೆರೆದು ಪ್ರೈಮರ್ ಹೊಡೆದರೆ ನಿಲ್ಲುತ್ತದೆ. ಮಳೆ ಶುರುವಾಗುವ ಮುಂಚೆ ಮಾಡಿಸಿಬಿಡಿ. ಬೆಲ್ಟಿನ ಖರ್ಚು, ಮುಂದಿನ ವರ್ಷದ 10 ಸಾವಿರ ರಿನ್ಯೂವಲ್, ಎರಡನ್ನೂ ಅವರ ಎದುರಿಗೆ ಇಡಿ. 65 ಸಾವಿರಕ್ಕೆ ಶುರು ಮಾಡಿ, 70 ದಾಟಬೇಡಿ.

ಬಿಲ್ ಇಲ್ಲದ ಬೆಲ್ಟ್ ಹಾಕಿಸಿಲ್ಲ ಅಂತಲೇ ತಿಳಿಯಿರಿ. ಓಡುತ್ತಿರುವಾಗ ತುಂಡಾದರೆ ವಾಲ್ವ್ ಬಾಗುತ್ತದೆ, ಹೆಡ್ ಇಳಿಸಬೇಕಾಗುತ್ತದೆ. ಅಂಕೋಲಾದಿಂದ ನೇರ ಮನೆಗೆ ಹೊರಡಬೇಡಿ. ಹೈವೇಯಲ್ಲಿ ನಿಧಾನಕ್ಕೆ ಕುಮಟಾಕ್ಕೆ ತನ್ನಿ. ಬೆಲ್ಟ್, ಟೆನ್ಷನರ್ ನಾನು ಹುಬ್ಬಳ್ಳಿಯಿಂದ ಮೊದಲೇ ತರಿಸಿ ಇಡುತ್ತೇನೆ. ಬೆಳಿಗ್ಗೆ ಬಂದರೆ ಸಂಜೆಯೊಳಗೆ ಆಗುತ್ತದೆ. ಅದಾದ ಮೇಲೆ ಘಟ್ಟ ಹತ್ತಿಸಿ.