ಅಪ್‌ಡೇಟ್: ಪೈಥಾನ್‌ನಿಂದ ಸಿ++ ಲೈಬ್ರರಿ ಕರೆಯೋದು ಸರಿಯಾಯಿತು

ಹೋದ ವಾರ ಕೇಳಿದ್ದೆ: ಹಳೆಯ ಫಾಂಟ್‌ನ ಕನ್ನಡವನ್ನು ಯೂನಿಕೋಡ್‌ಗೆ ಬದಲಿಸುವ ಸಿ++ ಲೈಬ್ರರಿಯನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ತಂದಿದ್ದೇನೆ, ಸಿ ಲೈಬ್ರರಿಗಳನ್ನು ಕರೆಯಲು ಪೈಥಾನ್‌ನಲ್ಲೇ ಇರುವ ಸಿಟೈಪ್ಸ್ ಮಾಡ್ಯೂಲ್‌ನಿಂದ ಕರೆದರೆ ಫಂಕ್ಷನ್ನೇ ಸಿಗುತ್ತಿಲ್ಲ ಅಂತ. ಈಗ ಚೆನ್ನಾಗಿ ಓಡುತ್ತಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಲೈಬ್ರರಿಯೊಳಗಿನ ಹೆಸರುಗಳ ಪಟ್ಟಿ ತೋರಿಸುವ ಎನ್‌ಎಂ ಕಮಾಂಡ್ ಹಾಕಿ ನೋಡಿದೆ. ಫಂಕ್ಷನ್ ಇತ್ತು, ಆದರೆ ಕಂಪೈಲರ್ ಅದರ ಹೆಸರನ್ನೇ ಬದಲಿಸಿತ್ತು. ಹೆಸರು ಬದಲಿಸಬೇಡ ಅಂತ ಕಂಪೈಲರ್‌ಗೆ ಹೇಳುವ ‘ಎಕ್ಸ್‌ಟರ್ನ್ ಸಿ’ ಸೇರಿಸಿದ ಕೂಡಲೇ ಸಿಕ್ಕಿತು.

ಆಮೇಲೆ ಶುರುವಾಯಿತು ಸೆಗ್‌ಫಾಲ್ಟ್, ಅಂದರೆ ತಪ್ಪು ಮೆಮೊರಿ ಮುಟ್ಟಿ ಪ್ರೋಗ್ರಾಂ ಕ್ರ್ಯಾಶ್ ಆಗೋದು. ಎರಡು ರಾತ್ರಿ ಇದಕ್ಕೇ ಹೋಯಿತು. ಲೈಬ್ರರಿಯ ಓಪನ್ ಮಾಡುವ ಫಂಕ್ಷನ್ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ) ವಾಪಸ್ ಕೊಡುತ್ತದೆ. ನಾವು ಏನೂ ಹೇಳದಿದ್ದರೆ ಸಿಟೈಪ್ಸ್ ಅದನ್ನು ಇಂಟ್ (32 ಬಿಟ್‌ನ ಪೂರ್ಣಾಂಕ) ಅಂದುಕೊಳ್ಳುತ್ತದೆ. 64 ಬಿಟ್ ವಿಳಾಸದಲ್ಲಿ ಉಳಿಯುವುದು 32 ಬಿಟ್ ಮಾತ್ರ! ಎರಡೂ ಕಡೆ ಪ್ರಿಂಟ್ ಮಾಡಿದೆ: ಸಿ++ನಲ್ಲಿ 12 ಹೆಕ್ಸ್ ಅಂಕಿ, ಪೈಥಾನ್‌ನಲ್ಲಿ 8. ಫಂಕ್ಷನ್ ವಾಪಸ್ ಕೊಡುವುದರ ಬಗೆ ಹೇಳುವ ರೆಸ್‌ಟೈಪ್, ಅದಕ್ಕೆ ಕೊಡುವುದರ ಬಗೆ ಹೇಳುವ ಆರ್ಗ್‌ಟೈಪ್ಸ್ ಎರಡನ್ನೂ ವಾಯ್ಡ್ ಪಾಯಿಂಟರ್ (ಬರೀ ವಿಳಾಸ) ಮಾಡಿದೆ, ಕ್ರ್ಯಾಶ್ ನಿಂತಿತು. ಒಂದನ್ನೇ ಸರಿಮಾಡಿದರೆ ಸಾಲದು.

ಇನ್ನೊಂದು ಮಾತು. ಲೈಬ್ರರಿ ಕೊಟ್ಟ ಪಠ್ಯವನ್ನು ಕ್ಯಾರ್ ಪಾಯಿಂಟರ್ (ಅಕ್ಷರಗಳ ವಿಳಾಸ) ಅಂತ ತೆಗೆದುಕೊಳ್ಳಬೇಡಿ. ಸಿಟೈಪ್ಸ್ ಅದನ್ನು ಪೈಥಾನ್‌ನ ಬೈಟ್ಸ್ ಆಗಿ ನಕಲು ಮಾಡಿಬಿಡುತ್ತದೆ, ಮೂಲ ಪಾಯಿಂಟರ್ ಕೈಗೆ ಸಿಗಲ್ಲ, ಮೆಮೊರಿ ಬಿಡಿಸೋದು ಹೇಗೆ ಅಲ್ವಾ? ವಾಯ್ಡ್ ಪಾಯಿಂಟರ್ ಆಗಿಯೇ ಇಟ್ಟುಕೊಂಡು, ವಿಳಾಸದಲ್ಲಿರುವ ಪಠ್ಯವನ್ನು ಸಿಟೈಪ್ಸ್‌ನ ‘ಸ್ಟ್ರಿಂಗ್ ಅಟ್’ ಫಂಕ್ಷನ್‌ನಿಂದ ಓದಿ, ಲೈಬ್ರರಿಯದೇ ಫ್ರೀ ಫಂಕ್ಷನ್ ಕರೆಯಿರಿ.

ಅಪ್ಪ ಟೈಪ್ ಮಾಡಿಟ್ಟ ಹಳೆಯ ಫೈಲುಗಳು ನಿನ್ನೆ ರಾತ್ರಿ ಒಂದೊಂದಾಗಿ ತೆರೆದುಕೊಂಡವು. ಒತ್ತಕ್ಷರಗಳೂ ಸರಿಯಾಗಿವೆ.