ದೊಡ್ಡವರ ಆಟಿಸಂ, ಎಡಿಎಚ್‌ಡಿ ತಪಾಸಣೆ: 'ರೋಗನಿರ್ಣಯ', 'ದೃಢೀಕರಣ', 'ನಮೂನೆ' ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಕೂತು ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಂಟೇ ಪುಟ. 'ನನಗೆ ಆಟಿಸಂ ಇರಬಹುದಾ, ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ) ಇರಬಹುದಾ' ಎಂದು ಮೂವತ್ತು, ನಲವತ್ತರ ವಯಸ್ಸಿನಲ್ಲಿ ಕೇಳಿಕೊಂಡು ಬರುವವರಿಗಾಗಿ. ತಪಾಸಣೆ ಹೇಗೆ ನಡೆಯುತ್ತದೆ, ಆಮೇಲೆ ಯಾವ ಥರದ ನೆರವು ಸಿಗುತ್ತದೆ ಅನ್ನುವುದು ಅದರಲ್ಲಿದೆ. ವಾಕ್ಯಗಳೇನೋ ಸಲೀಸಾಗಿ ಬಂದವು. ನಾಲ್ಕು ಪದಗಳ ಹತ್ತಿರ ಮಾತ್ರ ಮೂರು ವಾರದಿಂದ ನಿಂತುಬಿಟ್ಟಿದ್ದೇನೆ.

ಇದು ನನಗೆ ಬರೀ ಅನುವಾದದ ಕೆಲಸ ಅಲ್ಲ. ನನ್ನ ತಂಗಿಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ಅವಳ 34ನೇ ವರ್ಷದಲ್ಲಿ. ಪದ ಸರಿಯಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಮನೆಯಲ್ಲೇ ಕಂಡಿದ್ದೇನೆ.

ಮೊದಲನೆಯದು 'ರೋಗನಿರ್ಣಯ'. ಜ್ವರಕ್ಕೆ, ಸಕ್ಕರೆ ಕಾಯಿಲೆಗೆ ಈ ಪದ ಸರಿ. ಆದರೆ ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಕೆಲಸ ಮಾಡುವ ಮಿದುಳನ್ನು ಗುರುತಿಸುವುದಕ್ಕೆ 'ರೋಗ' ಯಾಕೆ ಬರಬೇಕು? ಫಲಿತಾಂಶದ ಹಾಳೆಯ ತಲೆಯಲ್ಲಿ ಆ ಪದ ನೋಡಿದ್ದೇ ಅಮ್ಮ ಕೇಳಿದ್ದು, "ಗುಣ ಆಗ್ತದಂತಾ?" ಅಂತ. ಗುಣ ಆಗುವುದಕ್ಕೆ ಅಲ್ಲಿ ರೋಗವೇ ಇಲ್ಲ ಅಂತ ತಿಳಿಸಿ ಹೇಳಲು ಎರಡು ತಿಂಗಳು ಬೇಕಾಯಿತು. ಆಯುರ್ವೇದದ 'ನಿದಾನ' ಇದೆಯಲ್ಲ, ಅದು ಚೆನ್ನಾಗಿದೆ ಅಂದುಕೊಂಡೆ. ಆದರೆ ಓದಿ ಹೇಳುವಾಗ ಎಲ್ಲರ ಕಿವಿಗೂ 'ನಿಧಾನ' ಅಂತಲೇ ಬೀಳುತ್ತದೆ. ಶಾಲೆಯಲ್ಲಿ 'ನಿಧಾನದ ಹುಡುಗಿ' ಅನ್ನಿಸಿಕೊಂಡು ಬಂದವಳಿಗೆ ಆ ಪದ ಕೊಡಲಾರೆ. 'ಮೌಲ್ಯಮಾಪನ' ಅಂದರೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ನೆನಪಾಗುತ್ತದೆ. ಮನುಷ್ಯರಿಗೆ ಬೆಲೆ ಕಟ್ಟುವ ಹಾಗಿದೆ. ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುತ್ತಾರಲ್ಲ, ಅಂಥದ್ದಲ್ಲ ಇದು. ಸದ್ಯಕ್ಕೆ 'ಗುರುತಿಸುವ ತಪಾಸಣೆ' ಅಂತ ಬರೆದಿದ್ದೇನೆ.

ಈ ತಪಾಸಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಹೆಚ್ಚಿನದು ನಡೆಯುವುದು ಮಾತಿನಲ್ಲಿ. ಇವತ್ತಿನ ಬದುಕಿನ ಜೊತೆಗೆ ಚಿಕ್ಕಂದಿನ ಕತೆಯೂ ಬೇಕು. ಎಡಿಎಚ್‌ಡಿ ಆದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು ಅನ್ನುತ್ತದೆ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಎಂಬ ಮಾರ್ಗದರ್ಶಿ ಪುಸ್ತಕ. ಹಾಗಾಗಿ ಹಳೆಯ ಅಂಕಪಟ್ಟಿ ಕೇಳುತ್ತಾರೆ, ಸಾಧ್ಯವಾದರೆ ಅಪ್ಪ ಅಮ್ಮನನ್ನೂ ಮಾತಾಡಿಸುತ್ತಾರೆ. ಇಷ್ಟೊಂದು ಮಾತಿನ ಮೇಲೆ ನಿಂತ ತಪಾಸಣೆ ಅಂದಮೇಲೆ ಪದ ತಪ್ಪಿದರೆ ಉತ್ತರವೂ ತಪ್ಪುತ್ತದೆ, ಅಲ್ವಾ?

ನಮ್ಮಲ್ಲಿ ಹಾಗೇ ಆಯಿತು. ಅಮ್ಮನನ್ನು ಸಾಗರದಿಂದ ರೈಲು ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ತಪಾಸಣೆ ಮಾಡುವವರು ಹಾಳೆ ನೋಡಿಕೊಂಡು ಕೇಳಿದರು: "ಮಗು ಆಟಿಕೆಗಳನ್ನು ಸಾಲಾಗಿ ಜೋಡಿಸುತ್ತಿತ್ತೇ?" ಅಮ್ಮ ಇಲ್ಲ ಅಂದರು. ವಾಪಸ್ ಬರುವಾಗ ನಾನು ಅದನ್ನೇ ಕೆದಕಿದೆ. "ನಮ್ಮನೇಲಿ ಆಟಿಕೆ ಎಲ್ಲಿತ್ತು ಮಾರಾಯ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. ಸುಗ್ಗಿಯಲ್ಲಿ ಬೇಯಿಸಿದ ಅಡಿಕೆಯನ್ನು ಅಂಗಳದ ತಟ್ಟಿಯ ಮೇಲೆ ಒಣಗಲು ಹಾಕಿದರೆ ತಂಗಿ ಅದರ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಒಂದೊಂದೇ ಅಡಿಕೆ ಎತ್ತಿ, ಚಪ್ಪಟೆ ಬುಡ ಕೆಳಗೆ ಮಾಡಿ, ಸಾಲು ಹಿಡಿದು ಇಡುತ್ತಿದ್ದಳು. ಯಾರಾದರೂ ಸುಮ್ನೆ ಕೈಯಾಡಿಸಿದರೆ ಸಾಕು, ಊಟ ಬಿಟ್ಟು ಅಳುತ್ತಿದ್ದಳು. ಇದೆಲ್ಲ ಅಮ್ಮನಿಗೆ ಚೆನ್ನಾಗಿ ನೆನಪಿತ್ತು. 'ಆಟಿಕೆ' ಅನ್ನುವ ಪದ ಮಾತ್ರ ಅಲ್ಲಿಗೆ ತಲುಪಲಿಲ್ಲ. ಅದಕ್ಕೇ ಕೈಪಿಡಿಯಲ್ಲಿ 'ಅಡಿಕೆ, ಗೋಲಿ, ಬಳಪ, ಸಿಕ್ಕಿದ್ದೇನಾದರೂ' ಅಂತ ಬಿಡಿಸಿ ಬರೆದಿದ್ದೇನೆ.

ಎರಡನೆಯದು 'ನ್ಯೂರೋಡೈವರ್ಜೆಂಟ್'. ಮಿದುಳುಗಳಲ್ಲಿ ಬಗೆಬಗೆ ಇರುವುದು ಸಹಜ ಅನ್ನುವ ವಿಚಾರವನ್ನು ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರ ತಮ್ಮ ಪ್ರಬಂಧದಲ್ಲಿ 'ನ್ಯೂರೋಡೈವರ್ಸಿಟಿ' ಎಂಬ ಪದದಲ್ಲಿ ಚರ್ಚಿಸಿದ್ದರು. ಅದರಲ್ಲಿ ಎಲ್ಲರೂ ಬರುತ್ತೇವೆ. ಹೆಚ್ಚಿನವರ ದಾರಿಗಿಂತ ಬೇರೆ ಥರ ಇರುವವರನ್ನು ಹೇಳಲು 'ಡೈವರ್ಜೆಂಟ್' ಆಮೇಲೆ ಬಂತು. ಕನ್ನಡದಲ್ಲಿ 'ನ್ಯೂರೋಡೈವರ್ಸಿಟಿ'ಗೆ 'ನರವೈವಿಧ್ಯ' ಅನ್ನಬಹುದು. ಗ್ರೀಕಿನ 'ನ್ಯೂರೋನ್' ಪದಕ್ಕೆ ಮೂಲದಲ್ಲಿ ಸ್ನಾಯುವಿನ ಹುರಿ ಅಂತ ಅರ್ಥ. ನಮ್ಮ 'ನರ'ಕ್ಕೂ ಆ ಅರ್ಥ ಇದೆ. ಇಷ್ಟು ಚೆನ್ನಾಗಿ ಕೂಡಿಬಂದದ್ದು ನೋಡಿ ಖುಷಿಯಾಯಿತು. ಆದರೆ ಬಳಕೆಯಲ್ಲಿ 'ನರ' ಬಂದ ಕೂಡಲೇ ಗೋಡೆ ಮೇಲಿನ 'ನರದೌರ್ಬಲ್ಯ' ಜಾಹೀರಾತು ಕಣ್ಣಿಗೆ ಬರುತ್ತದೆ.

ಇನ್ನು 'ನ್ಯೂರೋಡೈವರ್ಜೆಂಟ್'ಗೆ 'ನರಭಿನ್ನ' ಅನ್ನುವುದನ್ನು ನಾನು ಪೂರ್ತಿ ಬಿಟ್ಟೆ. ನಮ್ಮ ಕಡೆ ದೇವಸ್ಥಾನದಲ್ಲಿ ಮೂರ್ತಿಯ ಕೈಯೋ ಮೂಗೋ ಮುರಿದಿದ್ದರೆ 'ಭಿನ್ನ ಆಗಿದೆ, ಪೂಜೆಗೆ ಬರಲ್ಲ' ಅನ್ನುತ್ತಾರೆ. ಬೇರೆ ಅನ್ನುವ ಅರ್ಥಕ್ಕಿಂತ ಮುರಿದದ್ದು ಅನ್ನುವ ಅರ್ಥವೇ ಹಳ್ಳಿ ಕಿವಿಗೆ ಮೊದಲು ತಟ್ಟುತ್ತದೆ.

ಮೂರನೆಯದು ನನಗೆ ತುಂಬ ಮುಖ್ಯ: 'ಅಫರ್ಮಿಂಗ್ ಥೆರಪಿ'. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಕೈ ಅಲ್ಲಾಡಿಸಬೇಡ, ಎಲ್ಲರ ಹಾಗಿರು ಎಂದು ತಿದ್ದುವ ಕೆಲಸ ಇದಲ್ಲ. ಅಡಿಕೆ ಸುಲಿಯುವ ಯಂತ್ರದ ಸದ್ದು ತಡೆಯಲಾಗದಿದ್ದರೆ ಕಿವಿಗೆ ಏನು ಹಾಕಿಕೊಳ್ಳಬಹುದು, ಯಾವ ಕೋಣೆಗೆ ಹೋಗಬಹುದು, ಮನೆಯವರಿಗೆ ಹೇಗೆ ಹೇಳಬಹುದು ಎಂದು ಜೊತೆಗೆ ಕೂತು ಹುಡುಕುವುದು. ಮನುಷ್ಯರನ್ನು ಇದ್ದ ಹಾಗೇ ಒಪ್ಪಿಕೊಂಡು ಸುತ್ತಲಿನದನ್ನು ಬದಲಾಯಿಸುವುದು. ನಿಘಂಟಿನ ದಾರಿ ಹಿಡಿದರೆ ಇದು 'ದೃಢೀಕರಣ ಚಿಕಿತ್ಸೆ' ಆಗುತ್ತದೆ. ದೃಢೀಕರಣ ಅಂದರೆ ತಾಲೂಕು ಕಚೇರಿ, ಸೀಲು, ಸಹಿ. ಇಲ್ಲಿ ಗೊಂದಲ ಜಾಸ್ತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಪ್ರಮಾಣಪತ್ರವೂ ಇದೆ. ಹಾಗಾಗಿ 'ದೃಢೀಕರಣ' ಅಂದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಡುತ್ತಾರೆ ಅಂತಲೇ ಜನ ತಿಳಿಯುತ್ತಾರೆ. ಥೆರಪಿಗೆ 'ಆಪ್ತಸಮಾಲೋಚನೆ' ಬಳಕೆಯಲ್ಲಿದೆ, ಒಳ್ಳೆಯ ಪದ. ಅದರ ಹಿಂದೆ ಏನಿಡಲಿ? 'ಒಪ್ಪುವ' ಅನ್ನಲೇ? ಒಪ್ಪು ಅಂದರೆ ಸಮ್ಮತಿಸು, ಹೊಂದು, ಚೆಂದ ಕಾಣು, ಮೂರೂ ಹೌದು. 'ಇಂಬು ಕೊಡುವ' ಇನ್ನೂ ಹತ್ತಿರ ಅನ್ನಿಸುತ್ತದೆ. ಇಂಬು ಅಂದರೆ ಜಾಗವೂ ಹೌದು, ಆಸರೆಯೂ ಹೌದು. ಈಗಿನ ಹುಡುಗರಿಗೆ ಆ ಪದ ಗೊತ್ತಿದೆಯಾ, ತಿಳಿದವರು ಹೇಳಿ.

ಆಟಿಸಂಗೆ 'ಸ್ವಲೀನತೆ' ಬೇಡ, ಆಟಿಸಂ ಅಂತಲೇ ಇರಲಿ ಎಂದು ನನ್ನ ಅಭಿಪ್ರಾಯ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1911ರ ಸುಮಾರಿಗೆ ಆ ಪದ ಕಟ್ಟುವಾಗ 'ತಾನು' ಎಂಬ ಗ್ರೀಕ್ ಪದ ಹಿಡಿದರು, ನಾವು ಅದನ್ನೇ ಅನುವಾದ ಮಾಡಿಕೊಂಡೆವು. ಆದರೆ ನನ್ನ ತಂಗಿ ತನ್ನಲ್ಲೇ ಮುಳುಗಿದವಳಲ್ಲ. ಅಮ್ಮನ ಮಾತ್ರೆಯ ಹೊತ್ತು ಮನೆಯಲ್ಲಿ ಮರೆಯದವಳು ಅವಳೊಬ್ಬಳೇ.

ಕೊನೆಯದು ನನ್ನದೇ ಪ್ರಸ್ತಾಪ: 'ನಮೂನೆ'. ಮಲೆನಾಡಲ್ಲಿ ಮಾವಿನ ಮಿಡಿ ನಾನಾ ನಮೂನೆ. ಜೀರಿಗೆ ಮಿಡಿಯ ಪರಿಮಳವೇ ಬೇರೆ, ಪಕ್ಕದ ಮರದ್ದೇ ಬೇರೆ, ಯಾವುದನ್ನೂ ಕೆಟ್ಟ ಮಿಡಿ ಅನ್ನುವುದಿಲ್ಲ. ಹಾಗೇ 'ಬೇರೆ ನಮೂನೆಯ ಮಿದುಳು' ಅನ್ನಬಹುದು ಅಂದುಕೊಂಡೆ. ತಂಗಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಅಣ್ಣ, 'ಅವಳು ಒಂದ್ ನಮೂನಿ' ಅಂತ ನನ್ನ ಬೆನ್ನ ಹಿಂದೆ ಎಷ್ಟು ಸಲ ಕೇಳಿದ್ದೀನಿ ಗೊತ್ತಾ?" ಅಲ್ಲಿಗೆ ನನ್ನ ಕೈ ನಿಂತಿತು.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯವರು, ಬಯಲುಸೀಮೆಯವರು, ಕರಾವಳಿಯವರು, ನಿಮ್ಮ ಊರಲ್ಲಿ 'ಒಂದು ನಮೂನೆ' ಅಂದರೆ ಬೈಗುಳವಾ, ಬರೀ ಬೇರೆ ಅಂತಲಾ? ಎಲ್ಲರಿಗಿಂತ ಬೇರೆ ಥರ ಇರುವವರನ್ನು ನಿಮ್ಮ ಮನೆಯ ಹಿರಿಯರು ಪ್ರೀತಿಯಿಂದ ಹೇಳುವಾಗ ಯಾವ ಪದ ಬಳಸುತ್ತಿದ್ದರು? ನೀವೇ ಇಂಥ ತಪಾಸಣೆಗೆ ಹೋಗಿ ಬಂದವರಾದರೆ, ಯಾವ ಪದ ಕೇಳಿ ಮನಸ್ಸು ಹಗುರಾಯಿತು ಅನ್ನುವುದನ್ನು ದಯವಿಟ್ಟು ಬರೆಯಿರಿ. ಅಚ್ಚಿಗೆ ಕೊಡಲು ಇನ್ನು ಹದಿನೈದು ದಿನ ಇದೆ. ತಂಗಿಗೆ ಓದಿ ಹೇಳದೆ ಯಾವ ಪದವನ್ನೂ ಹಾಕುವುದಿಲ್ಲ.