ಮೊದಲ ಪಾಂಟೂನ್ ಬೋಟ್: ಗಾಳಿಯಲ್ಲಿ ಡಾಕ್‌ಗೆ ತರುವುದು, ಮಕ್ಕಳು ಮತ್ತು ಹಿರಿಯರನ್ನು ಕರೆದೊಯ್ಯುವುದು ಹೇಗೆ?

ಹೊಸದಡ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕೆ, ಮಿನ್ನೆಟೊಂಕಾ ಸರೋವರದ ಸಮೀಪ ವಾಸವಾಗಿದ್ದೇವೆ. ಎಂಟು ಬೇಸಿಗೆಗಳನ್ನು ಸ್ನೇಹಿತರ ಬೋಟುಗಳಲ್ಲಿ ಅತಿಥಿಗಳಾಗಿ ಕಳೆದ ಮೇಲೆ, ಈ ಏಪ್ರಿಲ್‌ನಲ್ಲಿ 22 ಅಡಿ ಉದ್ದದ, ಎರಡು ಅಲ್ಯೂಮಿನಿಯಂ ಕೊಳವೆಗಳ ಮೇಲೆ ತೇಲುವ ಹಳೆಯ ಪಾಂಟೂನ್ ಬೋಟೊಂದನ್ನು ಕೊಂಡೆವು. ಅದಕ್ಕೆ 90 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸಿದ ಎಂಜಿನ್ ಇದೆ. ಹನ್ನೊಂದು ಜನರನ್ನು ಹೊರಬಹುದೆಂದು ಅದರ ಫಲಕ ಹೇಳುತ್ತದೆ.

ಜೂನ್ ತಿಂಗಳಲ್ಲಿ ದಾವಣಗೆರೆಯಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು ಇರುವುದರಿಂದ, ಮೆಟ್ಟಿಲು ಹತ್ತಿಳಿಯುವ ಕಷ್ಟವಿಲ್ಲದೆ ಡಾಕ್‌ನಿಂದ (ದೋಣಿ ಕಟ್ಟುವ ಕಟ್ಟೆಯಿಂದ) ನೇರವಾಗಿ ಕಾಲಿಡಬಹುದಾದ ಸಮತಟ್ಟು ನೆಲದ ದೋಣಿಯನ್ನೇ ಹುಡುಕಿ ಕೊಂಡೆವು. ಮಕ್ಕಳಿಗೆ 6 ಮತ್ತು 11 ವರ್ಷ. ಕಳೆದ ಶನಿವಾರ ಮೊದಲ ಬಾರಿಗೆ ನಾನೇ ನಡೆಸಿದಾಗ ಡಾಕ್‌ಗೆ ತಂದು ಕಟ್ಟಲು ನಾಲ್ಕು ಸಲ ಪ್ರಯತ್ನಿಸಬೇಕಾಯಿತು. ಮೂರನೆಯ ಸಲವಂತೂ ಗಾಳಿಯು ನಮ್ಮನ್ನು ಪಕ್ಕದವರ ದೋಣಿಯ ಮೇಲೆಯೇ ನೂಕಿತು. ಹಾನಿಯಾಗಲಿಲ್ಲ, ಆದರೆ ನನ್ನ ಧೈರ್ಯ ಕುಗ್ಗಿದೆ. ಅಪ್ಪ, ಅಮ್ಮ ಬರುವ ಮೊದಲು ನಾನು ಏನೇನು ಕಲಿಯಬೇಕು, ಏನೇನು ಪರೀಕ್ಷಿಸಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಹಳೆಯ ಚುಕ್ಕಾಣಿ:

ನಿಮಗಾದದ್ದು ಪಾಂಟೂನ್ ಕೊಂಡ ಎಲ್ಲರಿಗೂ ಮೊದಲ ತಿಂಗಳಿನಲ್ಲಿ ಆಗುವಂಥದ್ದೇ. ಇದರ ಕಾರಣ ದೋಣಿಯ ರಚನೆಯಲ್ಲಿಯೇ ಇದೆ. 1950ರ ದಶಕದ ಆರಂಭದಲ್ಲಿ ನಮ್ಮದೇ ಮಿನ್ನೆಸೋಟದ ರಿಚ್ಮಂಡ್ ಊರಿನ ರೈತ ಆಂಬ್ರೋಸ್ ವೀರೆಸ್ ಅವರು ಉಕ್ಕಿನ ಪೀಪಾಯಿಗಳನ್ನು ಎರಡು ಸಾಲಾಗಿ ಬೆಸೆದು, ಮೇಲೆ ಮರದ ಹಲಗೆಗಳನ್ನು ಹಾಸಿ ಮಾಡಿದ ತೇಲುವ ಜಗುಲಿಯಿಂದ ಈ ಬಗೆಯ ದೋಣಿಗಳು ಬೆಳೆದು ಬಂದವು. ಜಗುಲಿಯ ಸುಖವೂ ಅದರಿಂದಲೇ, ತೊಂದರೆಯೂ ಅದರಿಂದಲೇ. ಕೊಳವೆಗಳು ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಆದರೆ ಸುತ್ತಲಿನ ಕಟಕಟೆ ಮತ್ತು ಮೇಲಿನ ಬಟ್ಟೆಯ ಚಪ್ಪರ ಹಾಯಿಯಂತೆ ಗಾಳಿಯನ್ನು ಹಿಡಿಯುತ್ತವೆ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ: ತಳ ಆಳವಿಲ್ಲದ ದೋಣಿಗೆ ನೀರಿನ ಹಿಡಿತ ಕಡಿಮೆ.

ಆದ್ದರಿಂದ ಡಾಕ್ ಹತ್ತಿರವಾಗುವ ಮೊದಲೇ ಚಪ್ಪರವನ್ನು ಮಡಚಿ, ಎರಡೂ ಬದಿಗೆ ಫೆಂಡರ್‌ಗಳನ್ನು (ಗುದ್ದು ತಡೆಯುವ ಮೆತ್ತೆಗಳನ್ನು) ಇಳಿಬಿಡಿ, ಹಗ್ಗಗಳನ್ನು ಕೈಗೆ ಸಿಗುವಂತೆ ಇಡಿ, ಅನಂತರ ದೂರದಲ್ಲಿಯೇ ಒಂದು ನಿಮಿಷ ನಿಂತು ಅಕ್ಕಪಕ್ಕದ ಬಾವುಟಗಳನ್ನು ನೋಡಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಗಾಳಿ ನಿಮ್ಮನ್ನು ಡಾಕ್‌ನತ್ತ ತಳ್ಳುತ್ತಿದ್ದರೆ ನೀವು ಮಾಡಬೇಕಾದದ್ದು ಕಡಿಮೆ. ಕೆಲವು ಅಡಿ ದೂರದಲ್ಲಿ ಡಾಕ್‌ಗೆ ಸಮಾನಾಂತರವಾಗಿ ದೋಣಿಯನ್ನು ನಿಲ್ಲಿಸಿದರೆ ಉಳಿದ ಕೆಲಸವನ್ನು ಗಾಳಿಯೇ ಮಾಡುತ್ತದೆ. ಡಾಕ್‌ನಿಂದ ದೂರ ತಳ್ಳುತ್ತಿದ್ದರೆ ಸ್ವಲ್ಪ ಓರೆಯಾಗಿ, ಮುಂಭಾಗವನ್ನು ಡಾಕ್‌ನತ್ತ ತಿರುಗಿಸಿ ಬಂದು, ಮುಂದಿನ ಹಗ್ಗವನ್ನು ಮೊದಲು ಕಟ್ಟಬೇಕು.

ಹೊಸಬರು ಮರೆಯುವ ಮುಖ್ಯ ಸಂಗತಿಯೆಂದರೆ, ಔಟ್‌ಬೋರ್ಡ್ ಎಂಜಿನ್ನಿನ ದೋಣಿ ಪ್ರೊಪೆಲರ್ ನೀರನ್ನು ತಳ್ಳುತ್ತಿರುವಾಗ ಮಾತ್ರ ಸರಿಯಾಗಿ ತಿರುಗುತ್ತದೆ. ಆದ್ದರಿಂದ ಮೊದಲು ಸ್ಟೀರಿಂಗ್ ಚಕ್ರವನ್ನು ತಿರುಗಿಸಿ, ಆಮೇಲೆ ಒಂದೆರಡು ಕ್ಷಣ ಗೇರ್ ಹಾಕಿ, ಮತ್ತೆ ನ್ಯೂಟ್ರಲ್‌ಗೆ ತನ್ನಿ. ಹೀಗೆ ಸಣ್ಣ ಸಣ್ಣ ತಳ್ಳುವಿಕೆಯಿಂದಲೇ ಒಳಗೆ ಬರಬೇಕು. ಸರಿಹೋಗದಿದ್ದರೆ ಹಿಂದೆ ಸರಿದು ಮತ್ತೆ ಬನ್ನಿ. ನಾಲ್ಕು ಸಲ ಪ್ರಯತ್ನಿಸಿದ್ದನ್ನು ನಾನು ತಪ್ಪೆನ್ನುವುದಿಲ್ಲ, ವಿವೇಕ ಎನ್ನುತ್ತೇನೆ. ಜನರು ತುಂಬಿದ ಇಂಥ ದೋಣಿಯ ತೂಕ ಒಂದು ಟನ್ನಿಗೂ ಹೆಚ್ಚಿರುತ್ತದೆ, ಹಾಗಾಗಿ ಅದನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ತಡೆಯಲು ಯಾರಿಗೂ ಬಿಡಬೇಡಿ. ವಾರದ ದಿನ ಬೆಳಿಗ್ಗೆ, ಸರೋವರ ಖಾಲಿಯಿರುವಾಗ, ಒಂದು ಲೈಫ್ ಜಾಕೆಟನ್ನು ನೀರಿಗೆಸೆದು ಅದನ್ನೇ ಡಾಕ್ ಎಂದು ಭಾವಿಸಿ ಇಪ್ಪತ್ತು ಸಲ ಅಭ್ಯಾಸ ಮಾಡಿದರೆ ಜೂನ್ ವೇಳೆಗೆ ಕೈ ಪಳಗುತ್ತದೆ.

ನೀರಹಕ್ಕಿ:

ಡಾಕ್‌ನ ವಿಷಯವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನನಗೆ ಅದಕ್ಕಿಂತ ಹೆಚ್ಚಿನ ಆತಂಕವಿರುವುದು ಮುಂದಿನ ಗೇಟಿನ ಬಗ್ಗೆ. ಕಟಕಟೆಯ ಹೊರಗೆ, ಮುಂಭಾಗದಲ್ಲಿ ಎರಡಡಿಯಷ್ಟು ನೆಲ ಇರುತ್ತದೆಯಲ್ಲ, ಅಲ್ಲಿ ಕುಳಿತು ಕಾಲುಗಳನ್ನು ನೀರಿಗೆ ಇಳಿಬಿಡುವುದು ಮಕ್ಕಳಿಗೆ ಬಹಳ ಇಷ್ಟ. ದೋಣಿ ಚಲಿಸುತ್ತಿರುವಾಗ ಅಲ್ಲಿಂದ ಜಾರಿದವರು ಎರಡು ಕೊಳವೆಗಳ ನಡುವೆ ಸಿಕ್ಕಿ ನೇರವಾಗಿ ಪ್ರೊಪೆಲರ್‌ನತ್ತ ಸಾಗುತ್ತಾರೆ, ಮತ್ತು ಚಾಲಕನಿಗೆ ಅದನ್ನು ತಪ್ಪಿಸಲು ಸಮಯವೇ ಇರುವುದಿಲ್ಲ. ಎಂಜಿನ್ ಗೇರಿನಲ್ಲಿರುವಷ್ಟು ಹೊತ್ತೂ ಗೇಟು ಮುಚ್ಚಿರಬೇಕು, ಎಲ್ಲರೂ ಕಟಕಟೆಯೊಳಗೆ ಕುಳಿತಿರಬೇಕು. ಇದನ್ನು ಅತಿಥಿಗಳಿಗೆ ಹೊರಡುವ ಮೊದಲೇ ಹೇಳಿಬಿಡಿ; ಹಿರಿಯರ ಮುಂದೆ ನಿಷ್ಠುರವಾಗಬೇಕಾಗಿ ಬಂದರೂ ಹೇಳಿ.

ತೂಕದ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಫಲಕದಲ್ಲಿ ಜನರ ಸಂಖ್ಯೆಯ ಜೊತೆಗೆ ಒಟ್ಟು ತೂಕದ ಮಿತಿಯೂ ಇರುತ್ತದೆ, ಯಾವುದು ಮೊದಲು ತುಂಬುವುದೋ ಅದೇ ನಿಮ್ಮ ಮಿತಿ. ನನ್ನ ಅಭಿಪ್ರಾಯದಲ್ಲಿ ಎರಡು ಕೊಳವೆಗಳ ದೋಣಿಯಲ್ಲಿ ಎಂಟು ಜನರಿಗೆ ನಿಲ್ಲಿಸುವುದು ಒಳ್ಳೆಯದು. ಎಲ್ಲರೂ ಮುಂದಿನ ಸೋಫಾಗಳಲ್ಲೇ ಕುಳಿತರೆ ಮುಂಭಾಗ ತಗ್ಗುತ್ತದೆ, ಆಗ ದೊಡ್ಡ ದೋಣಿಯೊಂದು ಎಬ್ಬಿಸಿದ ಅಲೆ ಎದುರಾದರೆ ನೀರು ನೆಲದ ಮೇಲೆಯೇ ನುಗ್ಗುತ್ತದೆ. ಅಂಥ ಹೊತ್ತಿನಲ್ಲಿ ಗಾಬರಿಯಿಂದ ಥ್ರಾಟಲನ್ನು (ಎಂಜಿನ್ ವೇಗದ ಹಿಡಿಕೆಯನ್ನು) ಒಮ್ಮೆಲೇ ಇಳಿಸಿದರೆ ಮುಂಭಾಗ ಮತ್ತಷ್ಟು ಕುಸಿಯುತ್ತದೆ. ಮೊದಲೇ ನಿಧಾನಿಸಿ, ಕೆಲವರನ್ನು ಹಿಂದೆ ಕೂರಿಸಿ, ಅಲೆಯನ್ನು ತುಸು ಓರೆಯಾಗಿ ದಾಟಿ.

ಮಿನ್ನೆಸೋಟದ ಕಾನೂನಿನಂತೆ ದೋಣಿ ಚಲಿಸುವಾಗ 10 ವರ್ಷಕ್ಕಿಂತ ಕಿರಿಯರು ಲೈಫ್ ಜಾಕೆಟ್ ತೊಟ್ಟಿರಲೇಬೇಕು. ನಿಮ್ಮ ಹನ್ನೊಂದರ ಮಗುವಿಗೆ ಕಾನೂನಿನ ಕಟ್ಟು ಇಲ್ಲದಿದ್ದರೂ ತೊಡಿಸಿ. ಈಜು ಬಾರದ ಅಪ್ಪ, ಅಮ್ಮನಿಗೂ ತೊಡಿಸಿ. ಅಮ್ಮ ಸೀರೆ ಉಡುವುದಾದರೆ ಸೆರಗನ್ನು ಸೊಂಟಕ್ಕೆ ಬಿಗಿದು ಮೇಲೆ ಜಾಕೆಟ್ ಹಾಕಿ, ಹತ್ತುವ ಮುನ್ನವೇ ಪಟ್ಟಿಗಳನ್ನು ಸರಿಪಡಿಸಿ. ಇದಲ್ಲದೆ ಎಸೆಯಲು ಬರುವ ತೇಲುವ ದಿಂಬೊಂದು ದೋಣಿಯಲ್ಲಿರುವುದು ಕಡ್ಡಾಯ. ಎಂಜಿನ್ ನಿಲ್ಲಿಸುವ ಸುರಕ್ಷತಾ ಹಗ್ಗವನ್ನು, ಅಂದರೆ ಕಿಲ್ ಸ್ವಿಚ್‌ನ ಹಗ್ಗವನ್ನು, ನೀವು ಯಾವಾಗಲೂ ಮೈಗೆ ಸಿಕ್ಕಿಸಿಕೊಳ್ಳಿ. 2021ರ ಏಪ್ರಿಲ್ 1ರಿಂದ ದೋಣಿ ವೇಗವಾಗಿ ಸಾಗುವಾಗ ಹೀಗೆ ಸಿಕ್ಕಿಸಿಕೊಳ್ಳುವುದು ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನೂ ಹೌದು. ಮಕ್ಕಳು ಹಿಂದಿನ ಏಣಿಯಿಂದ ನೀರಿಗಿಳಿಯುವಾಗ ಎಂಜಿನ್ ಪೂರ್ತಿ ಆರಿಸಿರಬೇಕು. ಪ್ರೊಪೆಲರ್‌ನ ಅಪಾಯವಷ್ಟೇ ಅಲ್ಲ, ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಅಲ್ಲಿಯೇ ಸೇರುತ್ತದೆ.

ಸರೋವರದಾಚೆ:

ಕಾಗದಪತ್ರದ ಬಗ್ಗೆ ಎರಡು ಮಾತು. ದೋಣಿಯ ನೋಂದಣಿಯನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. 2025ರ ಜುಲೈ 1ರಿಂದ ಮಿನ್ನೆಸೋಟದಲ್ಲಿ ದೋಣಿ ಚಾಲಕರ ಪರ್ಮಿಟ್ ಹಂತಹಂತವಾಗಿ ಜಾರಿಗೆ ಬರುತ್ತಿದ್ದು, 2028ರ ಹೊತ್ತಿಗೆ 1987ರ ಜೂನ್ 30ರ ಅನಂತರ ಹುಟ್ಟಿದವರೆಲ್ಲರಿಗೂ ಅನ್ವಯಿಸುತ್ತದೆ. ನಿಮ್ಮ ಸರದಿ ಇನ್ನೂ ಬಂದಿರದಿದ್ದರೂ ಆ ಪರ್ಮಿಟ್‌ಗೆ ಬೇಕಾದ ತರಬೇತಿಯನ್ನು ಈಗಲೇ ಮುಗಿಸಿ, ನಿಮ್ಮ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಅಲ್ಲಿಯೇ ಉತ್ತರವಿದೆ. ಮಿನ್ನೆಟೊಂಕಾದಲ್ಲಿ 2010ರಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಪತ್ತೆಯಾಗಿರುವುದರಿಂದ, ಅದು ಬೇರೆ ಸರೋವರಗಳಿಗೆ ಹರಡದಂತೆ, ದೋಣಿಯನ್ನು ಟ್ರೇಲರ್ ಮೇಲೆ ಸಾಗಿಸುವಾಗ ಕಳೆಗಳನ್ನು ತೆಗೆದು, ನೀರನ್ನೆಲ್ಲ ಬಸಿದು, ಬಸಿಯುವ ಬಿರಡೆಗಳನ್ನು ಬಿಚ್ಚಿಟ್ಟಿರಬೇಕು.

ಹೊಸದಡ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂದಿನ ಗೇಟಿನ ವಿಷಯ ಓದಿ ಎದೆ ಝಲ್ಲೆಂದಿತು, ಏಕೆಂದರೆ ಕಳೆದ ಶನಿವಾರ ನಮ್ಮ ಮಗ ಅಲ್ಲಿಯೇ ಕುಳಿತಿದ್ದ. ಇನ್ನೊಂದು ಸಂದೇಹವಿದೆ: ದೋಣಿಯಲ್ಲಿ ಯಾರೂ ಇಲ್ಲದಿರುವಾಗಲೂ ಅದು ಎಡಕ್ಕೆ ವಾಲಿದಂತೆ ಕಾಣುತ್ತದೆ. ಇದು ಸಹಜವೇ?

ಹಳೆಯ ಚುಕ್ಕಾಣಿ:

ಇಂಧನದ ಟ್ಯಾಂಕ್, ಬ್ಯಾಟರಿ ಒಂದೇ ಬದಿಯಲ್ಲಿದ್ದರೆ ಸ್ವಲ್ಪ ವಾಲುವುದು ಸಹಜ. ಆದರೆ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಎಡಗೊಳವೆಗೆ ನೀರು ಸೇರುತ್ತಿದೆ ಎಂದರ್ಥ. ಡಾಕ್‌ನಲ್ಲಿ ಕಟ್ಟಿರುವಾಗ, ಅಲೆಯಿಲ್ಲದ ಬೆಳಿಗ್ಗೆ, ಎರಡೂ ಕೊಳವೆಗಳ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ, ಒಂದು ವಾರ ಬಿಟ್ಟು ಅಷ್ಟೇ ಇಂಧನವಿರುವಾಗ ಮತ್ತೆ ನೋಡಿ. ಗೆರೆ ಮುಳುಗಿದ್ದರೆ ದೋಣಿಯನ್ನು ಮೇಲೆತ್ತಿಸಿ, ಕೊಳವೆಯ ಹಿಂಬದಿಯಲ್ಲಿ ಬಿರಡೆಯಿದ್ದರೆ ಬಿಚ್ಚಿ ನೀರು ಸುರಿಯುತ್ತದೆಯೇ ಎಂಬುದನ್ನು ಪರೀಕ್ಷಿಸಿ. ಸಾಮಾನ್ಯವಾಗಿ ಒಳಗೆ ಬೇರೆ ಬೇರೆ ಕೋಣೆಗಳಿರುವುದರಿಂದ ದೋಣಿ ತಕ್ಷಣ ಮುಳುಗುವುದಿಲ್ಲ, ಆದರೂ ಬಿರುಕು ಬಿಟ್ಟ ಬೆಸುಗೆಯನ್ನು ಹಾಗೆಯೇ ಇಟ್ಟುಕೊಂಡು ಹಿರಿಯರನ್ನು ಹತ್ತಿಸಬಾರದು. ಬಿರುಕು ಹುಡುಕಲು ಒಳಗೆ ತೀರ ಕಡಿಮೆ ಒತ್ತಡದ ಗಾಳಿ ತುಂಬಿಸಿ ಸೋಪಿನ ನೀರು ಬಳಿಯುತ್ತಾರೆ. ಒತ್ತಡ ಹೆಚ್ಚಾದರೆ ಕೊಳವೆಯೇ ಉಬ್ಬಿ ಹಾಳಾಗುವುದರಿಂದ, ಅಲ್ಯೂಮಿನಿಯಂ ಬೆಸುಗೆ ಬಲ್ಲವರಿಂದಲೇ ಇದನ್ನು ಮಾಡಿಸಿ. ಮೇ ಕೊನೆಯ ವಾರದಿಂದ ದುರಸ್ತಿಯವರು ಸಿಗುವುದು ಕಷ್ಟ, ಆದ್ದರಿಂದ ಗೆರೆಯನ್ನು ನಾಳೆ ಬೆಳಿಗ್ಗೆಯೇ ಹಾಕಿ.